ಮಿದುಳಿನ ಊತಕ್ಕೆ ಮದ್ದು

ತಲೆಗೆ ಬಲವಾದ ಪೆಟ್ಟು ತಗುಲಿದ ಮನುಷ್ಯನು ಒಮ್ಮೊಮ್ಮೆ ಬಿದ್ದ ಸ್ಥಳದಲ್ಲಿಯೇ ಅಸುನೀಗುತ್ತಾನೆ. ಅದರಲ್ಲಿ ತಿಳಿಯದಿರುವಂಥದು ಏನೂ ಇಲ್ಲ. ಆದರೆ ಅನೇಕರ ಸಾವು ಹಾಗೆ ಬರುವುದಿಲ್ಲ. ಬಿದ್ದಾಗ ನರಳುತ್ತಾರೆ, ಕೇಳಿದ ಪ್ರಶ್ನೆಗೆ ಒಂದೆರಡು ಮಾತಿನಲ್ಲಿ ಉತ್ತರ ಕೊಡುತ್ತಾರೆ, ಜೀವಂತವಾಗಿಯೇ ಆಸ್ಪತ್ರೆಯನ್ನು ಸೇರುತ್ತಾರೆ. ಮರುದಿನವೋ ಮೂರನೆಯ ದಿನವೋ ಪ್ರಜ್ಞೆ ಮಂಕಾಗುತ್ತ ಬಂದು, ಕೊನೆಗೆ ಉಸಿರು ನಿಂತುಹೋಗುತ್ತದೆ. ಪೆಟ್ಟು ಬಿದ್ದದ್ದು ಒಂದು ಕ್ಷಣದಲ್ಲಿ. ಸಾವು ಬಂದದ್ದು ನಲವತ್ತೆಂಟು ಗಂಟೆಗಳ ತರುವಾಯ. ಈ ನಡುವಣ ಅವಧಿಯಲ್ಲಿ ತಲೆಯೊಳಗೆ ನಡೆದುದೇನು? ಅದನ್ನು ತಡೆಯಬಲ್ಲ ಮದ್ದು ಉಂಟೆ?

ಕೋಲಾರ ಜಿಲ್ಲೆಯ ವಾಚಕರಿಗೆ ಇದು ಕೇವಲ ಪುಸ್ತಕದ ಪ್ರಶ್ನೆಯಲ್ಲ. ಬೆಂಗಳೂರಿನಿಂದ ಚೆನ್ನೈ ಕಡೆಗೆ ಹೋಗುವ ಹಳೆಯ ಹೆದ್ದಾರಿಯು ಕೋಲಾರವನ್ನೂ ಮುಳಬಾಗಿಲನ್ನೂ ಹಾದು ಆಂಧ್ರದ ಗಡಿಯನ್ನು ಮುಟ್ಟುತ್ತದೆ. ಹಗಲಿರುಳೂ ಲಾರಿಗಳು ಓಡಾಡುವ ಆ ದಾರಿಯಲ್ಲಿಯೇ ಹಳ್ಳಿಯವರ ದ್ವಿಚಕ್ರ ವಾಹನಗಳೂ ಓಡಾಡಬೇಕು. ಮಾಲೂರಿನಲ್ಲಿ ಹೆಂಚು, ಇಟ್ಟಿಗೆಗಳ ಗೂಡುಗಳಿವೆ. ಭಾರ ಹೊರುವ, ಎತ್ತರದಲ್ಲಿ ಪೇರಿಸುವ ಕೆಲಸ ಅಲ್ಲಿ ನಿತ್ಯದ್ದು. ಶ್ರೀನಿವಾಸಪುರದ ಮಾವು ನಾಡಿಗೆಲ್ಲ ಹೆಸರಾದದ್ದು. ಆ ಹಣ್ಣನ್ನು ಇಳಿಸಲು ಯಾರಾದರೂ ಮರವನ್ನು ಏರಲೇಬೇಕು. ತಲೆಯ ಪೆಟ್ಟುಗಳನ್ನು ಕುರಿತು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ನಡೆಸಿರುವ ಅಧ್ಯಯನಗಳ ಪ್ರಕಾರ ಇಂಥ ಪೆಟ್ಟುಗಳಲ್ಲಿ ನೂರಕ್ಕೆ ಸುಮಾರು ೬೦ ರಸ್ತೆಯ ಅಪಘಾತಗಳಿಂದ ಆದುವು. ನಂತರದ ಸ್ಥಾನ ಎತ್ತರದಿಂದ ಬೀಳುವುದಕ್ಕೆ.

ಮೊದಲು ತಲೆಬುರುಡೆಯ ರಚನೆಯನ್ನು ನೆನೆಯೋಣ. ಕಾಲು ಉಳುಕಿದರೆ ಊದುತ್ತದೆ. ಚರ್ಮ ಹಿಗ್ಗಿ ಎಡೆಮಾಡಿಕೊಡುತ್ತದೆ. ನಾಲ್ಕು ದಿನಗಳಲ್ಲಿ ಊತ ಇಳಿಯುತ್ತದೆ. ಬುರುಡೆಯು ಹಿಗ್ಗುವ ವಸ್ತುವಲ್ಲ. ೧೭೮೩ ರಲ್ಲಿ ಎಡಿನ್‌ಬರೋ ನಗರದ ಅಲೆಕ್ಸಾಂಡರ್ ಮನ್ರೋ ಎಂಬ ವೈದ್ಯನು ಹೇಳಿದ ಮಾತು, ೧೮೨೪ ರಲ್ಲಿ ಅವನ ಶಿಷ್ಯ ಜಾರ್ಜ್ ಕೆಲ್ಲಿ ಬೆಂಬಲಿಸಿದ ಮಾತು, ಇಷ್ಟೆ: ಬೆಳೆದವರ ತಲೆಬುರುಡೆ ಒಂದು ಬಿಗಿದ ಪೆಟ್ಟಿಗೆ, ಅದರೊಳಗಿನ ಒಟ್ಟು ಗಾತ್ರ ಹೆಚ್ಚುವಂತಿಲ್ಲ. ಆ ಪೆಟ್ಟಿಗೆಯಲ್ಲಿ ಸುಮಾರು ೧೪೦೦ ಮಿಲಿಲೀಟರ್ ಗಾತ್ರದ ಮಿದುಳು, ಸುಮಾರು ೧೫೦ ಮಿಲಿಲೀಟರ್ ರಕ್ತ, ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಮಿದುಳನ್ನು ಸುತ್ತಿಕೊಂಡಿರುವ ತಿಳಿನೀರಿನಂಥ ರಸ, ಈ ಮೂರು ಸೇರಿವೆ. ಒಂದು ಹಿಗ್ಗಿದರೆ ಇನ್ನೊಂದು ಕುಗ್ಗಲೇಬೇಕು.

ಬೆಳಗಿನ ಹೊತ್ತು ಮುಳಬಾಗಿಲಿನಿಂದ ಕೋಲಾರದ ಕಾಲೇಜಿಗೆ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳಿಗೆ ಈ ನಿಯಮದ ಅನುಭವ ಚೆನ್ನಾಗಿ ಉಂಟು. ಆಸನಗಳೆಲ್ಲ ತುಂಬಿದ ಮೇಲೂ ಇಪ್ಪತ್ತು ಮಂದಿ ಹತ್ತಬಹುದು. ನಿಂತವರು ಸರಿದುಕೊಳ್ಳುತ್ತಾರೆ, ಚೀಲಗಳು ಮೇಲಕ್ಕೆ ಹೋಗುತ್ತವೆ. ಯಾರಿಗೂ ಅಷ್ಟಾಗಿ ತೊಂದರೆಯಿಲ್ಲ. ಆದರೆ ಸರಿಯಲು ಎಡೆಯೇ ಇಲ್ಲವಾದಾಗ ಮತ್ತೆ ಒಬ್ಬನು ಹತ್ತಿದರೂ ಸಾಕು, ಎಲ್ಲರಿಗೂ ಉಸಿರು ಕಟ್ಟುತ್ತದೆ. ಮಿದುಳು ಊದತೊಡಗಿದಾಗಲೂ ಹಾಗೆಯೇ. ಮೊದಲು ಸುತ್ತಣ ರಸವು ಬೆನ್ನುಹುರಿಯ ಕಡೆಗೆ ಇಳಿದುಹೋಗುತ್ತದೆ, ಅಭಿಧಮನಿಗಳಲ್ಲಿನ ರಕ್ತವು ಹೊರಕ್ಕೆ ಸರಿಯುತ್ತದೆ. ಒಳಗಣ ಒತ್ತಡ ಅಷ್ಟೇನೂ ಏರುವುದಿಲ್ಲ. ರೋಗಿಯು ಮಾತನಾಡುತ್ತಿರುವುದು ಈ ಹಂತದಲ್ಲಿ. ಎಡೆ ಮುಗಿದ ಬಳಿಕ ಒಂದೆರಡು ಚಮಚದಷ್ಟು ಊತ ಹೆಚ್ಚಿದರೂ ಒತ್ತಡ ಕಡಿದಾಗಿ ಮೇಲೇರುತ್ತದೆ. ‘ಇದ್ದಕ್ಕಿದ್ದಂತೆ ಹೀಗಾಯಿತು’ ಎಂದು ಮನೆಯವರು ಹೇಳುವುದುಂಟು. ವಾಸ್ತವದಲ್ಲಿ ಅದು ಇದ್ದಕ್ಕಿದ್ದಂತೆ ಆದುದಲ್ಲ.

ಮಲಗಿರುವ ಆರೋಗ್ಯವಂತನ ತಲೆಯೊಳಗಿನ ಒತ್ತಡ ಪಾದರಸದ ೭ ರಿಂದ ೧೫ ಮಿಲಿಮೀಟರ್. ಅದು ೨೨ ನ್ನು ಮೀರಿದರೆ ಚಿಕಿತ್ಸೆ ಬೇಕೆಂದು ಈಗಿನ ವೈದ್ಯಸೂತ್ರ. ಏಕೆ? ಮಿದುಳಿಗೆ ರಕ್ತವನ್ನು ನೂಕುವ ಬಲವೆಂದರೆ ರಕ್ತದ ಸರಾಸರಿ ಒತ್ತಡದಿಂದ ತಲೆಯೊಳಗಿನ ಒತ್ತಡವನ್ನು ಕಳೆದು ಉಳಿದದ್ದು. ಮೊದಲನೆಯದು ೯೦, ಎರಡನೆಯದು ೧೦ ಆದರೆ ೮೦ ಉಳಿಯುತ್ತದೆ, ಸಾಕಷ್ಟಾಯಿತು. ತಲೆಯೊಳಗೆ ೪೦ ಆದರೆ ಉಳಿಯುವುದು ೫೦ ಮಾತ್ರ. ಮಿದುಳಿಗೆ ರಕ್ತ ಸಾಲದು. ರಕ್ತ ಸಾಲದ ಜೀವಕೋಶಗಳು ಮತ್ತಷ್ಟು ಊದುತ್ತವೆ. ಊದಿದಷ್ಟೂ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ರಕ್ತ ಕುಂದುತ್ತದೆ. ಕೊನೆಗೆ ಮಿದುಳಿನ ಭಾಗವೊಂದು ತನ್ನ ಸ್ಥಾನದಿಂದ ಜಾರಿ, ಕಣ್ಣಿನ ಪಾಪೆಯನ್ನು ಕುಗ್ಗಿಸುವ ನರವನ್ನು ಅದುಮುತ್ತದೆ. ವೈದ್ಯರು ಪ್ರಜ್ಞೆಯಿಲ್ಲದವನ ರೆಪ್ಪೆ ಬಿಡಿಸಿ ಟಾರ್ಚಿನ ಬೆಳಕು ಹಾಯಿಸುವುದು ಇದಕ್ಕಾಗಿಯೇ. ಒಂದು ಪಾಪೆ ಅಗಲವಾಗಿದ್ದು ಬೆಳಕಿಗೆ ಕುಗ್ಗದಿದ್ದರೆ ಕಾಲ ಬಹಳ ಕಡಿಮೆಯಿದೆ ಎಂದು ಅರ್ಥ.

ಊತದಲ್ಲಿ ಎರಡು ಬಗೆಗಳಿವೆ ಎಂದು ೧೯೬೭ ರಲ್ಲಿ ಇಗೋರ್ ಕ್ಲಾಟ್ಸೋ ಎಂಬ ವಿಜ್ಞಾನಿ ವಿಂಗಡಿಸಿದನು. ಮಿದುಳಿನ ರಕ್ತನಾಳಗಳ ಗೋಡೆ ದೇಹದ ಬೇರೆಡೆಗಳಲ್ಲಿರುವಂತಲ್ಲ. ಅದರ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದಂತೆ ಕೂಡಿಕೊಂಡಿವೆ. ಈ ಹೊಲಿಗೆ ಬಿಚ್ಚಿ ರಕ್ತದ ದ್ರವವು ಮಿದುಳಿಗೆ ಸೋರಿದರೆ ಅದೊಂದು ಬಗೆ. ಮಿದುಳಿನಲ್ಲಿ ಗಡ್ಡೆ ಬೆಳೆದವರಲ್ಲಿ ಕಾಣುವ ಊತ ಹೆಚ್ಚಾಗಿ ಇದೇ. ಎರಡನೆಯ ಬಗೆಯಲ್ಲಿ ಜೀವಕೋಶಗಳೇ ಊದುತ್ತವೆ. ಪ್ರತಿಯೊಂದು ಕೋಶವೂ ಒಳಗೆ ಬಂದ ಸೋಡಿಯಂ ಲವಣವನ್ನು ಸದಾ ಹೊರಕ್ಕೆ ಎತ್ತಿಹಾಕುತ್ತಿರುತ್ತದೆ. ಅದಕ್ಕೆ ಶಕ್ತಿ ಬೇಕು, ಶಕ್ತಿಗೆ ಆಮ್ಲಜನಕ ಬೇಕು. ಅದು ಸಿಕ್ಕದಿದ್ದರೆ ಲವಣ ಒಳಗೇ ಉಳಿಯುತ್ತದೆ, ನೀರು ಅದರ ಬೆನ್ನು ಹತ್ತಿ ಒಳನುಗ್ಗುತ್ತದೆ. ಪೆಟ್ಟು ಬಿದ್ದ ಮಿದುಳಿನಲ್ಲಿ ಎರಡೂ ಉಂಟು, ಆದರೆ ಕೋಶಗಳ ಊತವೇ ಮಿಗಿಲೆಂದು ಎಂ.ಆರ್.ಐ. ಚಿತ್ರಗಳಿಂದ ತಿಳಿದುಬಂದಿದೆ. ಈ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಊದಿದ ಮಿದುಳಿನಿಂದ ನೀರನ್ನು ಹೊರಗೆಳೆಯುವುದು ಹೇಗೆ? ಉಪಾಯ ನಮ್ಮ ಅಡುಗೆಮನೆಯಲ್ಲಿಯೇ ಇದೆ. ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ, ಒಂದು ತೊಟ್ಟು ನೀರು ಹಾಕದಿದ್ದರೂ ಮರುದಿನ ಹೋಳುಗಳು ನೀರು ಬಿಟ್ಟುಕೊಂಡು ಸುಕ್ಕಿರುತ್ತವೆ. ಹೋಳಿನ ಕೋಶಗಳ ಪೊರೆ ನೀರನ್ನು ಸುಲಭವಾಗಿ ದಾಟಿಸುತ್ತದೆ, ಉಪ್ಪನ್ನು ಅಷ್ಟು ಸುಲಭವಾಗಿ ದಾಟಿಸುವುದಿಲ್ಲ. ಆದುದರಿಂದ ನೀರು ಉಪ್ಪಿರುವ ಕಡೆಗೆ ಹರಿಯುತ್ತದೆ. ಇದನ್ನೇ ವಿಜ್ಞಾನದಲ್ಲಿ ಅಭಿಸರಣ ಎನ್ನುತ್ತಾರೆ. ಮಿದುಳಿನ ರಕ್ತನಾಳದ ಬಿಗಿಹೊಲಿಗೆಯ ಗೋಡೆಯೂ ಇಂಥದೇ ಒಂದು ಪೊರೆ. ೧೯೧೯ ರಲ್ಲಿ ಅಮೆರಿಕದ ವೀಡ್ ಮತ್ತು ಮೆಕ್‌ಕಿಬ್ಬನ್ ಎಂಬಿಬ್ಬರು ಬೆಕ್ಕುಗಳ ರಕ್ತಕ್ಕೆ ಗಟ್ಟಿಯಾದ ಉಪ್ಪಿನ ದ್ರಾವಣವನ್ನು ಸೇರಿಸಿ ನೋಡಿದರು, ಮಿದುಳು ಕುಗ್ಗಿತು. ಬರಿಯ ಬಟ್ಟಿಯಿಳಿಸಿದ ನೀರನ್ನು ಸೇರಿಸಿದಾಗ ಮಿದುಳು ಊದಿತು. ಇಂದಿನ ಚಿಕಿತ್ಸೆಯ ಬೇರು ಈ ಪ್ರಯೋಗದಲ್ಲಿದೆ.

ಈ ಪ್ರಯೋಗದ ಎರಡನೆಯ ಭಾಗವನ್ನು ಜನ ಅಷ್ಟಾಗಿ ಗಮನಿಸಿಲ್ಲ. ನಮ್ಮ ಕಡೆ ಆಸ್ಪತ್ರೆಗೆ ಯಾರನ್ನು ಕರೆತಂದರೂ, ‘ಸ್ವಾಮಿ, ಒಂದು ಗ್ಲೂಕೋಸ್ ಹಾಕಿಬಿಡಿ’ ಎಂದು ಕೇಳುವ ವಾಡಿಕೆಯಿದೆ. ತಲೆಯ ಪೆಟ್ಟಿನವನಿಗೆ ಅದು ಒಳ್ಳೆಯದಲ್ಲ. ಗ್ಲೂಕೋಸನ್ನು ದೇಹ ಬೇಗನೆ ಉರಿಸಿಬಿಡುತ್ತದೆ, ಉಳಿಯುವುದು ನೀರು. ಬೆಕ್ಕಿಗೆ ಆದುದೇ ಮನುಷ್ಯನಿಗೂ ಆಗುತ್ತದೆ. ವೈದ್ಯರು ಗ್ಲೂಕೋಸನ್ನು ಬಿಟ್ಟು ಉಪ್ಪುನೀರಿನ ಸೀಸೆಯನ್ನೇ ತೂಗುಹಾಕಿದರೆ ಅದು ಜಿಪುಣತನವೆಂದು ಯಾರೂ ಭಾವಿಸಬಾರದು.

ಉಪ್ಪಿನ ಬಳಿಕ ಬೇರೆ ಬೇರೆ ವಸ್ತುಗಳನ್ನು ಪರೀಕ್ಷಿಸಿದರು. ೧೯೫೦ರ ದಶಕದಲ್ಲಿ ಯೂರಿಯಾ ಬಳಕೆಗೆ ಬಂದಿತು. ಮಿದುಳನ್ನೇನೋ ಅದು ಕುಗ್ಗಿಸಿತು. ಆದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಮಿದುಳಿನೊಳಕ್ಕೆ ಇಳಿದು, ನೀರನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ೧೯೬೦ರ ದಶಕದ ಆರಂಭದಲ್ಲಿ ಅದರ ಸ್ಥಾನಕ್ಕೆ ಬಂದುದು ಮ್ಯಾನಿಟಾಲ್. ದಕ್ಷಿಣ ಯೂರೋಪಿನಲ್ಲಿ ಬೆಳೆಯುವ ಒಂದು ಮರದ ತೊಗಟೆಯನ್ನು ಗೀರಿದರೆ ಒಸರುವ ಸಿಹಿರಸಕ್ಕೆ ಮನ್ನಾ ಎಂದು ಹೆಸರು. ಪ್ರೂಸ್ಟ್ ಎಂಬ ಫ್ರೆಂಚ್ ರಸಾಯನವಿಜ್ಞಾನಿ ೧೮೦೬ ರಲ್ಲಿ ಇದನ್ನು ಅದರಿಂದಲೇ ಬೇರ್ಪಡಿಸಿದ್ದನು. ಸಕ್ಕರೆಯ ಬಂಧುವಾದರೂ ರಕ್ತಕ್ಕೆ ಸೇರಿದ ಮ್ಯಾನಿಟಾಲನ್ನು ದೇಹ ಹೆಚ್ಚಾಗಿ ಉರಿಸುವುದಿಲ್ಲ. ಮೂತ್ರಪಿಂಡಗಳು ಅದನ್ನು ಇದ್ದಹಾಗೆಯೇ ಹೊರಹಾಕುತ್ತವೆ. ನೂರಕ್ಕೆ ಇಪ್ಪತ್ತರ ದ್ರಾವಣದ ೧೦೦ ಮಿಲಿಲೀಟರ್ ಸೀಸೆಯಲ್ಲಿ ಇರುವುದು ೨೦ ಗ್ರಾಂ. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ಕಾಲರಿಂದ ಒಂದು ಗ್ರಾಂ ಕೊಡುವುದು ರೂಢಿ. ೬೦ ಕಿಲೋಗ್ರಾಂ ತೂಕದವನಿಗೆ ಪೂರ್ಣ ಪ್ರಮಾಣವೆಂದರೆ ಅಂಥ ಮೂರು ಸೀಸೆಗಳಾದುವು. ಈ ದ್ರಾವಣದ ಅಭಿಸರಣ ಬಲ ರಕ್ತದ ಬಲಕ್ಕಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು.

ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ತಲೆಯ ಒತ್ತಡ ಇಳಿಯತೊಡಗಿ, ಆ ಫಲ ಕೆಲವು ಗಂಟೆಗಳ ಕಾಲ ನಿಲ್ಲುತ್ತದೆ. ಕೆಲವೇ ಗಂಟೆಗಳು! ಇಷ್ಟಕ್ಕೆ ಇದರಿಂದ ಏನು ಉಪಯೋಗವೆಂದು ವಾಚಕರು ಕೇಳಬಹುದು. ಕೋಲಾರ ಜಿಲ್ಲೆಯ ಭೂಪಟವನ್ನು ಮುಂದಿಟ್ಟುಕೊಂಡರೆ ಉತ್ತರ ಸಿಗುತ್ತದೆ. ಶ್ರೀನಿವಾಸಪುರದಿಂದ ಕೋಲಾರಕ್ಕೆ ಸುಮಾರು ೨೫ ಕಿಲೋಮೀಟರ್. ಮುಳಬಾಗಿಲಿನಿಂದ ಸುಮಾರು ೩೦. ಕೋಲಾರದಲ್ಲಿ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಿದೆ. ಟಮಕದಲ್ಲಿ ೧೯೮೬ ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು, ಅದಕ್ಕೆ ಸೇರಿದ ಆರ್. ಎಲ್. ಜಾಲಪ್ಪ ಆಸ್ಪತ್ರೆ ಇವೆ. ಅಲ್ಲಿಂದ ಬೆಂಗಳೂರಿಗೆ ಮತ್ತೆ ಸುಮಾರು ೭೦ ಕಿಲೋಮೀಟರ್. ಮಾಲೂರಿನವರು ನೇರವಾಗಿ ಬೆಂಗಳೂರಿಗೇ ಹೊರಡುವುದುಂಟು. ಅಲ್ಲಿಯ ನಿಮ್ಹಾನ್ಸ್, ೧೯೫೪ ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ೧೯೭೪ ರಲ್ಲಿ ಒಂದುಗೂಡಿ ಆದ ಸಂಸ್ಥೆ, ಡಾ॥ ಆರ್. ಎಂ. ವರ್ಮ ಅವರು ಅಲ್ಲಿ ನರಶಸ್ತ್ರಚಿಕಿತ್ಸೆಗೆ ಬುನಾದಿ ಹಾಕಿದರು. ಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿದ್ದರೆ ಯಾವ ದ್ರಾವಣವೂ ಅದನ್ನು ಕರಗಿಸದು; ಸಿ.ಟಿ. ಸ್ಕ್ಯಾನಿನಿಂದ ಅದನ್ನು ಗುರುತಿಸಿ ಶಸ್ತ್ರಕ್ರಿಯೆಯಿಂದ ತೆಗೆಯಬೇಕು. ಪಾಪೆ ಅಗಲವಾದ ರೋಗಿಯು ನರಶಸ್ತ್ರವೈದ್ಯರ ಮೇಜನ್ನು ಜೀವಂತವಾಗಿ ತಲಪಲು ಬೇಕಾದುದು ಆ ಕೆಲವೇ ಗಂಟೆಗಳು. ಮ್ಯಾನಿಟಾಲ್ ಕೊಡುವುದು ಅಷ್ಟನ್ನೇ.

ಇದನ್ನು ಕಣ್ಣು ಮುಚ್ಚಿ ಕೊಡುವಂತೆಯೂ ಇಲ್ಲ. ನೀರು ಮಿದುಳಿನಿಂದ ರಕ್ತಕ್ಕೆ, ರಕ್ತದಿಂದ ಮೂತ್ರಕ್ಕೆ ಹರಿಯುತ್ತದೆ. ಬೇರೆಡೆ ಮೂಳೆ ಮುರಿದು ರಕ್ತ ಸೋರಿರುವವನಲ್ಲಿ ಇದರಿಂದ ರಕ್ತದ ಒತ್ತಡ ಕುಸಿಯಬಹುದು. ಮೇಲಣ ಕಳೆಯುವ ಲೆಕ್ಕವನ್ನು ನೆನೆದರೆ ಅಪಾಯ ಗೊತ್ತಾಗುತ್ತದೆ. ತಲೆಗೆ ತೀವ್ರ ಪೆಟ್ಟಾದವರಲ್ಲಿ ರಕ್ತದ ಮೇಲೊತ್ತಡ ಒಮ್ಮೆ ೯೦ ಕ್ಕಿಂತ ಕೆಳಗಿಳಿದರೂ ಸಾವಿನ ಸಂಭವ ಸುಮಾರು ಇಮ್ಮಡಿಯಾಗುವುದೆಂದು ೧೯೯೩ ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಅಲ್ಲದೆ, ಪೆಟ್ಟಿನಿಂದ ಗೋಡೆಯ ಹೊಲಿಗೆ ಬಿಚ್ಚಿದ ಕಡೆಯಲ್ಲಿ, ಪದೇ ಪದೇ ಕೊಟ್ಟ ಮ್ಯಾನಿಟಾಲ್ ಕೂಡ ಯೂರಿಯಾದಂತೆ ಒಳಕ್ಕೆ ಸೋರಬಲ್ಲುದು. ಇಂಥ ಸಂದರ್ಭಗಳಲ್ಲಿ ಈಚೆಗೆ ಅನೇಕರು ಮೆಚ್ಚುವುದು ನೂರಕ್ಕೆ ಮೂರರ ಅಥವಾ ಅದಕ್ಕಿಂತ ಗಟ್ಟಿಯಾದ ಉಪ್ಪಿನ ದ್ರಾವಣವನ್ನು. ನೀರನ್ನು ಎಳೆಯುತ್ತ, ರಕ್ತದ ಒತ್ತಡವನ್ನೂ ಅದು ಎತ್ತಿಹಿಡಿಯುತ್ತದೆ. ವೀಡ್ ಮತ್ತು ಮೆಕ್‌ಕಿಬ್ಬನ್ನರ ಉಪ್ಪು ಹೀಗೆ ಅರುವತ್ತು ಎಪ್ಪತ್ತು ವರ್ಷಗಳ ಮೇಲೆ ಹಿಂದಿರುಗಿ ಬಂದಿತು.

ಈಗ ಸ್ಟೀರಾಯ್ಡುಗಳ ಕಥೆಗೆ ಬರೋಣ. ಈ ಲೇಖನದಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವುದು ಇದು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಗ್ರಂಥಿಗಳ ಸ್ರಾವವನ್ನು ಹೋಲುವ ಈ ಮದ್ದುಗಳು ಊತವನ್ನು ಇಳಿಸುವುದರಲ್ಲಿ ಪ್ರಸಿದ್ಧವಾದುವು. ೧೯೬೧ ರಲ್ಲಿ ಅಮೆರಿಕದ ಗಾಲಿಸಿಚ್ ಮತ್ತು ಫ್ರೆಂಚ್ ಎಂಬ ವೈದ್ಯರು ಮಿದುಳಿನ ಗಡ್ಡೆಯುಳ್ಳ ರೋಗಿಗಳಿಗೆ ಡೆಕ್ಸಾಮೆಥಸೋನ್ ಕೊಟ್ಟರು. ಫಲ ಕಣ್ಣಿಗೆ ಕಾಣುವಂತಿದ್ದಿತು; ಮಂಪರಿನಲ್ಲಿದ್ದವರು ಒಂದೆರಡು ದಿನಗಳಲ್ಲಿ ಎದ್ದು ಮಾತನಾಡಿದರು. ಗಡ್ಡೆಯ ಊತವೂ ಊತ, ಪೆಟ್ಟಿನ ಊತವೂ ಊತ. ಅಲ್ಲಿ ಇಳಿಸಿದ ಮದ್ದು ಇಲ್ಲಿ ಇಳಿಸದೆ? ಜಗತ್ತಿನಾದ್ಯಂತ ವೈದ್ಯರು ತಲೆಗೆ ಪೆಟ್ಟಾದವರಿಗೂ ಸ್ಟೀರಾಯ್ಡ್ ಕೊಡತೊಡಗಿದರು. ತರ್ಕ ಸರಿಯಾಗಿಯೇ ಇದ್ದಂತೆ ತೋರಿತು. ಅದು ಮೂರು ದಶಕಗಳಿಗೂ ಮಿಕ್ಕು ನಡೆದುಬಂದಿತು.

ನಡುನಡುವೆ ಸಣ್ಣ ಪರೀಕ್ಷೆಗಳು ನಡೆಯದೆ ಇರಲಿಲ್ಲ. ಕೆಲವು ಗುಣವಿದೆ ಎಂದುವು, ಕೆಲವು ಇಲ್ಲವೆಂದುವು. ೧೯೯೭ ರ ವೇಳೆಗೆ ಅವೆಲ್ಲವನ್ನೂ ಕೂಡಿಸಿದರೆ ಸುಮಾರು ೨೦೦೦ ರೋಗಿಗಳಷ್ಟೇ ಲೆಕ್ಕಕ್ಕೆ ಸಿಕ್ಕರು. ತೀರ್ಮಾನಕ್ಕೆ ಅದು ಸಾಲದು. ಕೊನೆಗೆ ೧೯೯೯ ರಲ್ಲಿ ಕ್ರ್ಯಾಷ್ ಎಂಬ ಹೆಸರಿನ ಮಹಾಪರೀಕ್ಷೆ ಆರಂಭವಾಯಿತು. ೪೯ ದೇಶಗಳ ೨೩೯ ಆಸ್ಪತ್ರೆಗಳು ಅದರಲ್ಲಿ ಸೇರಿದುವು. ಪೆಟ್ಟು ಬಿದ್ದ ಎಂಟು ಗಂಟೆಗಳೊಳಗೆ ಬಂದ ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ೪೮ ಗಂಟೆಗಳ ಕಾಲ ಕೊಟ್ಟರು. ಉಳಿದವರಿಗೆ ಮದ್ದಿಲ್ಲದ ದ್ರಾವಣ. ಯಾರಿಗೆ ಯಾವುದೆಂಬುದನ್ನು ಚೀಟಿ ಎತ್ತಿದಂತೆ ಗೊತ್ತುಮಾಡಿದರು; ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ೨೦,೦೦೦ ರೋಗಿಗಳನ್ನು ಪರೀಕ್ಷಿಸಬೇಕೆಂಬುದು ಸಂಕಲ್ಪ. ಆದರೆ ೨೦೦೪ ರ ಮೇ ತಿಂಗಳಲ್ಲಿ, ೧೦,೦೦೮ ನೆಯ ರೋಗಿಗೆ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು. ಎರಡು ವಾರಗಳೊಳಗೆ, ಮದ್ದು ಪಡೆಯದವರಲ್ಲಿ ೮೯೩ ಮಂದಿ, ಅಂದರೆ ನೂರಕ್ಕೆ ೧೭.೯ ರಷ್ಟು ಜನ ಸತ್ತಿದ್ದರು. ಮದ್ದು ಪಡೆದವರಲ್ಲಿ ೧೦೫೨ ಮಂದಿ, ನೂರಕ್ಕೆ ೨೧.೧.

ಮದ್ದು ಪ್ರಾಣ ಉಳಿಸಲಿಲ್ಲ. ನೂರು ಜನಕ್ಕೆ ಮೂವರಂತೆ ಹೆಚ್ಚಾಗಿ ಕೊಂದಿತು.

ಇಷ್ಟು ದೊಡ್ಡ ಅನಾಹುತ ಅಷ್ಟು ವರ್ಷಗಳ ಕಾಲ ಅನುಭವಸ್ಥರಾದ ವೈದ್ಯರ ಕಣ್ಣಿಗೆ ಬೀಳಲಿಲ್ಲವೇಕೆ? ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ಹಿಡಿದು ನೋಡಬಹುದು. ಒಂದು ಊರಿನ ವೈದ್ಯರು ವರ್ಷಕ್ಕೆ ಇಂಥ ಐವತ್ತು ರೋಗಿಗಳನ್ನು ನೋಡುವರೆಂದು ಇಟ್ಟುಕೊಳ್ಳೋಣ. ಮದ್ದಿಲ್ಲದೆ ಅವರಲ್ಲಿ ಸುಮಾರು ಒಂಬತ್ತು ಮಂದಿ ಸಾಯುತ್ತಾರೆ. ಮದ್ದಿನಿಂದ ಹತ್ತು ಅಥವಾ ಹನ್ನೊಂದು. ಒಂದು ವರ್ಷ ಪೆಟ್ಟುಗಳೇ ಹೆಚ್ಚು ತೀವ್ರವಾಗಿದ್ದುವೆಂದರೂ ಇಷ್ಟು ವ್ಯತ್ಯಾಸ ಬರುತ್ತದೆ. ಸತ್ತವನನ್ನು ಕಂಡು ‘ಪೆಟ್ಟು ದೊಡ್ಡದಾಗಿತ್ತು’ ಎನ್ನುತ್ತೇವೆ. ಬದುಕಿದವನನ್ನು ಕಂಡು ‘ಮದ್ದು ಹಿಡಿಯಿತು’ ಎನ್ನುತ್ತೇವೆ. ಒಬ್ಬ ವೈದ್ಯನು ಜೀವಮಾನವೆಲ್ಲ ದುಡಿದರೂ ಆ ಹೆಚ್ಚಿನ ಒಂದೂವರೆ ಸಾವನ್ನು ಬೇರ್ಪಡಿಸಿ ಕಾಣಲಾರನು. ಅದನ್ನು ಕಾಣಲು ಹತ್ತು ಸಾವಿರ ಜನರ ಲೆಕ್ಕ ಬೇಕಾಯಿತು. ಕ್ಲಾಟ್ಸೋ ಮಾಡಿದ ವಿಂಗಡಣೆ ಇಲ್ಲಿ ಸ್ವಲ್ಪ ಬೆಳಕು ಕೊಡುತ್ತದೆ: ಸ್ಟೀರಾಯ್ಡ್ ಬಿಗಿಗೊಳಿಸುವುದು ಸೋರುವ ರಕ್ತನಾಳಗಳನ್ನು, ಕೋಶಗಳೇ ಊದಿರುವಲ್ಲಿ ಅದಕ್ಕೆ ಕೆಲಸವಿಲ್ಲ. ಉಪಕಾರ ಏಕಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಅಪಕಾರ ಏಕಾಯಿತೆಂಬುದು ವಿಜ್ಞಾನಕ್ಕೆ ಇನ್ನೂ ಪೂರ್ತಿಯಾಗಿ ಬಗೆಹರಿಯದ ಪ್ರಶ್ನೆ. ಗಡ್ಡೆಯ ಊತಕ್ಕೆ ಸ್ಟೀರಾಯ್ಡುಗಳು ಇಂದಿಗೂ ಒಳ್ಳೆಯ ಮದ್ದು. ತಲೆಯ ಪೆಟ್ಟಿನ ಊತಕ್ಕೆ ಕೊಡಕೂಡದು.

ನ್ಯಾಯವಾಗಿ ಹೇಳುವುದಾದರೆ, ಮ್ಯಾನಿಟಾಲ್ ಕೂಡ ಅಂಥ ಮಹಾಪರೀಕ್ಷೆಯನ್ನು ಎದುರಿಸಿಲ್ಲ. ಅದು ಒತ್ತಡವನ್ನು ಇಳಿಸುವುದನ್ನು ಯಂತ್ರದಿಂದ ಅಳೆದು ನೋಡಬಹುದು. ಎಷ್ಟು ಪ್ರಾಣಗಳನ್ನು ಉಳಿಸುತ್ತದೆಂಬುದಕ್ಕೆ ಅಷ್ಟು ಖಚಿತವಾದ ಅಂಕೆಗಳಿಲ್ಲ. ಪಾಪೆ ಅಗಲವಾಗುತ್ತಿರುವವನಿಗೆ ಮದ್ದಿಲ್ಲದ ದ್ರಾವಣ ಕೊಟ್ಟು ನೋಡಲು ಯಾವ ವೈದ್ಯನ ಕೈ ತಾನೆ ಮುಂದಾದೀತು?

ಬೇರೆ ಮದ್ದುಗಳನ್ನು ಬಹಳ ವಿವರಿಸಬೇಕಾಗಿಲ್ಲ. ಬಾರ್ಬಿಟ್ಯುರೇಟುಗಳು ಮಿದುಳನ್ನು ಗಾಢ ನಿದ್ರೆಗೆ ನೂಕಿ ಅದರ ಆಮ್ಲಜನಕದ ಬೇಡಿಕೆಯನ್ನು ತಗ್ಗಿಸುತ್ತವೆ, ಜೊತೆಗೆ ರಕ್ತದ ಒತ್ತಡವನ್ನೂ ತಗ್ಗಿಸಿಬಿಡುತ್ತವೆ. ಉಳಿದ ಉಪಾಯಗಳು ಸೋತಾಗ ಮಾತ್ರ ಅವುಗಳ ಸರದಿ. ಪ್ರೊಜೆಸ್ಟರಾನ್ ಎಂಬ ಸ್ತ್ರೀಹಾರ್ಮೋನಿನ ಮೇಲೆ ಬಹಳ ಆಸೆಯಿತ್ತು. ೨೦೧೪ ರಲ್ಲಿ ಎರಡು ದೊಡ್ಡ ಪರೀಕ್ಷೆಗಳು ಅದರಿಂದ ಪ್ರಯೋಜನವಿಲ್ಲವೆಂದು ತೋರಿಸಿದುವು. ಸ್ವಲ್ಪ ಹೆಚ್ಚಿನ ಗಮನಕ್ಕೆ ಅರ್ಹವಾದುದು ಟ್ರಾನೆಕ್ಸಾಮಿಕ್ ಆಮ್ಲ. ಜಪಾನಿನ ಉಟಾಕೊ ಒಕಮೊಟೊ ಮತ್ತು ಅವರ ಪತಿ ೧೯೬೨ ರಲ್ಲಿ ಪ್ರಕಟಿಸಿದ ಈ ಅಗ್ಗದ ಮದ್ದು ಊತವನ್ನು ಇಳಿಸುವುದಿಲ್ಲ. ಕಟ್ಟಿದ ಹೆಪ್ಪು ಬೇಗ ಕರಗದಂತೆ ನೋಡಿಕೊಂಡು, ಬುರುಡೆಯೊಳಗಿನ ರಕ್ತಸ್ರಾವವನ್ನು ತಡೆಯಲು ಯತ್ನಿಸುತ್ತದೆ. ೨೯ ದೇಶಗಳ ೧೨,೭೩೭ ರೋಗಿಗಳ ಪರೀಕ್ಷೆಯ ಫಲ ೨೦೧೯ ರಲ್ಲಿ ಹೊರಬಂದಿತು. ಮೂರು ಗಂಟೆಗಳೊಳಗೆ ಮದ್ದು ಪಡೆದ ಎಲ್ಲರನ್ನೂ ಒಟ್ಟಾಗಿ ನೋಡಿದಾಗ ಗುಣ ಖಚಿತವಾಗಲಿಲ್ಲ. ಪೆಟ್ಟು ಸಾಧಾರಣ ಅಥವಾ ಮಧ್ಯಮ ತರದ್ದಾಗಿದ್ದವರಲ್ಲಿ ಮಾತ್ರ ತಲೆಯ ಪೆಟ್ಟಿನಿಂದಾದ ಸಾವು ನೂರಕ್ಕೆ ೭.೫ ರಿಂದ ೫.೮ ಕ್ಕೆ ಇಳಿಯಿತು. ತೀವ್ರ ಪೆಟ್ಟಿನವರಲ್ಲಿ ವ್ಯತ್ಯಾಸ ಕಾಣಲಿಲ್ಲ.

ಮೂರು ಗಂಟೆಗಳೆಂಬ ಈ ಗಡುವು ಮುಳಬಾಗಿಲಿನ ಗಡಿಯ ಹಳ್ಳಿಗೆ ದೊಡ್ಡದೇನಲ್ಲ. ೨೦೦೮ ರಲ್ಲಿ ಆರಂಭವಾದ ೧೦೮ ಸಂಖ್ಯೆಯ ಆಂಬುಲೆನ್ಸ್ ವ್ಯವಸ್ಥೆಯಿಂದ ದಾರಿ ಹತ್ತಿರವಾಗಿದೆ ನಿಜ. ಆದರೆ ಬಿದ್ದವನನ್ನು ಮುಟ್ಟಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯ ಇನ್ನೂ ಹೋಗಿಲ್ಲ. ೨೦೧೯ ರಲ್ಲಿ ಮೋಟಾರು ವಾಹನ ಕಾಯಿದೆಗೆ ಮಾಡಿದ ತಿದ್ದುಪಡಿಯ ಪ್ರಕಾರ, ಸದ್ಭಾವದಿಂದ ನೆರವಾದವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೆಸರು ಹೇಳೆಂದು ಬಲಾತ್ಕರಿಸುವಂತೆಯೂ ಇಲ್ಲ. ಪ್ರಜ್ಞೆಯಿಲ್ಲದವನಿಗೆ ನೀರನ್ನಾಗಲಿ ಸೋಡವನ್ನಾಗಲಿ ಕುಡಿಸಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕತ್ತು ತಿರುಚದಂತೆ ಎತ್ತಬೇಕು. ಆಸ್ಪತ್ರೆಯಲ್ಲಿ ಮಂಚದ ತಲೆಭಾಗವನ್ನು ಸುಮಾರು ೩೦ ಡಿಗ್ರಿ ಏರಿಸಿರುತ್ತಾರೆ. ರಕ್ತ ತಲೆಯಿಂದ ಸುಲಭವಾಗಿ ಇಳಿಯಲೆಂದು. ನೋಡಲು ಬಂದ ನೆಂಟರು ‘ಪಾಪ, ಸರಿಯಾಗಿ ಮಲಗಲಿ’ ಎಂದು ಅದನ್ನು ತಗ್ಗಿಸಬಾರದು.

ಮ್ಯಾನಿಟಾಲ್ ಸೀಸೆಯ ಇನ್ನೊಂದು ಗುಣವನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಆಸಕ್ತಿಯಿಂದ ಗಮನಿಸಬಹುದು. ನೂರಕ್ಕೆ ಇಪ್ಪತ್ತು ಎಂಬುದು ನೀರು ಸಾಧಾರಣ ಉಷ್ಣತೆಯಲ್ಲಿ ಕರಗಿಸಿಕೊಳ್ಳಬಲ್ಲ ಮಿತಿಯನ್ನು ಮುಟ್ಟುವ ಪ್ರಮಾಣ. ಹವೆ ತಂಪಾದಾಗ ಸೀಸೆಯ ತಳದಲ್ಲಿ ಸೂಜಿಯಂಥ ಬಿಳಿಯ ಹರಳುಗಳು ಕಟ್ಟುತ್ತವೆ. ಮದ್ದು ಕೆಟ್ಟಿತೆಂದು ಇದರ ಅರ್ಥವಲ್ಲ. ಸೀಸೆಯನ್ನು ಬಿಸಿನೀರಿನಲ್ಲಿಟ್ಟು ಅಲುಗಿಸಿದರೆ ಹರಳುಗಳು ಕರಗುತ್ತವೆ. ಮೈಯ ಬಿಸಿಗೆ ಆರುವವರೆಗೆ ಬಿಟ್ಟು, ಒಂದು ಹರಳೂ ಉಳಿದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ಸೋಸುವ ಜಾಲರಿಯುಳ್ಳ ನಳಿಕೆಯ ಮೂಲಕ ರಕ್ತಕ್ಕೆ ಹರಿಸಬೇಕು. ಡಿಸೆಂಬರ್ ಜನವರಿ ತಿಂಗಳುಗಳ ಮುಂಜಾವಿನಲ್ಲಿ ತುರ್ತುಚಿಕಿತ್ಸೆಯ ಕೊಠಡಿಯ ದಾದಿಯೊಬ್ಬರು ಬಿಸಿನೀರಿನ ಪಾತ್ರೆಯಲ್ಲಿ ಸೀಸೆಯನ್ನು ತಿರುಗಿಸುತ್ತ ನಿಂತಿದ್ದರೆ ಅವರು ಮಾಡುತ್ತಿರುವುದು ಈ ಕೆಲಸವನ್ನೇ.